ಬಾಗಿಲಿಂದ ಎರಡು ಗೇಣು

ಜಯನಗರದ ನಾಲ್ಕನೇ ಬ್ಲಾಕಿನ ಆ ಮನೆಯ ಗೋಡೆಗಳಿಗೆ ನೀರು ಕುಡಿಸಿದವಳು ವಾರಿಜಾ. ಗಂಡ ಅನಂತರಾಮು ಆಫೀಸಿಗೆ ಹೋದ ಮೇಲೆ, ಅತ್ತೆ ಚೂಡಾಮಣಿಯಮ್ಮನಿಗೆ ಊಟಕ್ಕೆ ಬಡಿಸಿ, ಬಸವನಗುಡಿಯ ವಠಾರದಿಂದ ಬಿಸಿಲಲ್ಲಿ ನಡೆದು ಬರುತ್ತಿದ್ದಳು. ಸೈಟಿನ ಹಿತ್ತಲಲ್ಲಿ ತೋಡಿಸಿದ್ದ ಬಾವಿಯಿಂದ ಸೇದಿ ಸೇದಿ ಹಸಿ ಗೋಡೆಗೆ ಎರಚುತ್ತಿದ್ದಳು. ಗಾರೆ ಬಿರುಕು ಬಿಡಬಾರದಲ್ಲ. ಕಂಟ್ರಾಕ್ಟರನ ಆಳೊಬ್ಬ ಆ ಕೆಲಸಕ್ಕೆಂದೇ ಇದ್ದ, ಆದರೆ ಮಧ್ಯಾಹ್ನವಾದರೆ ಅವನು ನೆರಳು ಹುಡುಕಿ ಮಲಗುತ್ತಿದ್ದ. ಅರವತ್ಮೂರರ ಬೇಸಿಗೆಯೆಲ್ಲ ಹೀಗೇ ಕಳೆಯಿತು. ಗೃಹಪ್ರವೇಶಕ್ಕೆ ಬಂದವರು ಅನಂತರಾಮುವಿನ ಬೆನ್ನು ತಟ್ಟಿ, "ಭೇಷ್, ಒಬ್ಬನೇ ನಿಂತು ಕಟ್ಟಿಸಿಬಿಟ್ಯಲ್ಲಯ್ಯಾ" ಎಂದರು. ಅವಳು ಒಳಗೆ ಎಂಬತ್ತು ಎಲೆಯ ಪಲ್ಯಕ್ಕೆ ತರಕಾರಿ ಹೆಚ್ಚುತ್ತಿದ್ದಳು.

ಮದುವೆಯಾದಾಗಿನಿಂದ ಹನ್ನೊಂದು ವರ್ಷ ಅವಳು ನೀರು ಹೊತ್ತಿದ್ದಳು. ವಠಾರದಲ್ಲಿ ಆರು ಮನೆಗೆ ಒಂದು ನಲ್ಲಿ. ಹೊಸ ಮನೆಗೆಂದು ಅವಳು ಕೇಳಿದ್ದು ಒಂದೇ: ಅಡುಗೆಮನೆಯ ಒಳಗೆ ನಲ್ಲಿ. ಅನಂತರಾಮು ಇಲ್ಲವೆನ್ನಲಿಲ್ಲ. ತಾರಸಿಯ ತೊಟ್ಟಿಯಿಂದ ಪೈಪು ಇಳಿದು ಒಲೆಯ ಪಕ್ಕದಲ್ಲೇ ನೀರು ಬಂತು. ಮೊದಲ ದಿನ ಒಂದೇ ಪಾವು ಅಕ್ಕಿಯನ್ನು ಐದು ಸಲ ತೊಳೆದಿದ್ದಳು.

ಆ ಮನೆಯ ಕರೆಂಟಿನ ತಂತಿಗಳು ಮರದ ಪಟ್ಟಿಯ ಮೇಲೆ ಎಲ್ಲರ ಕಣ್ಣಿಗೂ ಕಾಣುವಂತೆ ಓಡಿದ್ದವು. ಪೈಪು ಮಾತ್ರ ಗೋಡೆಯೊಳಗೆ ಅಡಗಿತ್ತು. ನಕ್ಷೆಯ ಪ್ರಕಾರ ಅದು ಅಡುಗೆಮನೆ ಬಾಗಿಲಿನ ಎಡಕ್ಕಿರಬೇಕು. ಆದರೆ ಗೋಡೆ ಕೊರೆದ ದಿನ ಒಂದು ಕಲ್ಲು ಅಡ್ಡ ಬಂದು, ನಲ್ಲಿಯವನು ಪೈಪನ್ನು ಬಲಕ್ಕೆ ತಿರುಗಿಸಿದ್ದ. ಬಾಗಿಲಿನಿಂದ ಎರಡು ಗೇಣು ಆಚೆ, ಆಳೆತ್ತರದಲ್ಲಿ, ಎರಡು ತುಂಡುಗಳನ್ನು ಸಣಬು ಸುತ್ತಿ, ಕೆಂಪು ಬಣ್ಣ ಬಳಿದು ಕೂಡಿಸಿದ್ದ. ಆಗ ಅಲ್ಲಿದ್ದವಳು ವಾರಿಜಾ ಒಬ್ಬಳೇ. ಮೇಲೆ ಮೆತ್ತಿದ ಗಾರೆಗೆ ವಾರವಿಡೀ ನೀರು ಹಾಕಿದವಳೂ ಅವಳೇ.

ಮನೆಗೆ ಬಂದ ಆರನೇ ತಿಂಗಳಲ್ಲಿ ಮಾವನವರ ತಿಥಿ ಬಂತು. ಹಿಂದಿನ ದಿನ, ಭಾನುವಾರ, ತೇಗದ ಚೌಕಟ್ಟಿನ ಅವರ ದೊಡ್ಡ ಫೋಟೋ ಹಾಕಬೇಕೆಂದಾಯಿತು. ಹೋದವರ ಫೋಟೋ ದಕ್ಷಿಣದ ಗೋಡೆಗೇ ಹಾಕುವುದು ಪದ್ಧತಿ. ಹಜಾರದ ದಕ್ಷಿಣದ ಗೋಡೆಯೆಂದರೆ ಅಡುಗೆಮನೆಯ ಗೋಡೆ. ಬಡಗಿ ರಾಮಯ್ಯ ಉಳಿ, ಸುತ್ತಿಗೆ, ತೂತಿಗೆ ತುರುಕುವ ಮರದ ಬೆಣೆ ಎಲ್ಲ ಹಿಡಿದು ಬಂದ. ಅನಂತರಾಮು ಸೀಸದ ಕಡ್ಡಿಯಿಂದ ಬಾಗಿಲಿನ ಬಲಕ್ಕೆ, ಎರಡು ಗೇಣು ಆಚೆ, ಗುರುತು ಹಾಕಿದ.

ಅಕ್ಕಿ ಆರಿಸುತ್ತಿದ್ದ ವಾರಿಜಾ ಮೊರ ಬಿಟ್ಟು ಎದ್ದು ಬಂದಳು. "ಅಲ್ಲಿ ಬೇಡಾರೀ. ಅಲ್ಲಿ ಪೈಪಿದೆ, ಒಡೆದುಹೋಗತ್ತೆ."

"ಪೈಪು ಎಡಕ್ಕಿದೆ ಕಣೇ. ಪ್ಲಾನ್ ನೋಡೇ ಗುರುತು ಹಾಕಿರೋದು."

"ಪ್ಲಾನಲ್ಲಿ ಎಡಕ್ಕಿದೆ, ಗೋಡೇಲಿ ಬಲಕ್ಕಿದೆ. ಅವತ್ತು ಕಲ್ಲು ಅಡ್ಡ ಬಂತು ಅಂತ ತಿರುಗಿಸಿದ್ರು. ನಾನೇ ನೋಡಿದೀನಿ."

"ಕೇಳಿದ್ಯೇನಯ್ಯಾ ರಾಮಯ್ಯ? ನಮ್ಮನೇಲೂ ಒಬ್ರು ಚೀಫ್ ಇಂಜಿನಿಯರ್ ಇದಾರೆ!"

ರಾಮಯ್ಯ ನಕ್ಕ. ಆದರೂ ಎತ್ತಿದ ಸುತ್ತಿಗೆ ಇಳಿಸಿದ. "ಅಮ್ಮೋರು ಹೇಳ್ತಾವ್ರಲ್ಲ ಸ್ವಾಮಿ, ಒಂದು ಮೊಳ ಆಚೆಗೆ ಹೊಡೆದ್ರೆ ಆಯ್ತಪ್ಪ."

"ಆಚೆಗೆ ಮೂಲೆ ಬರತ್ತೆ," ಎಂದರು ದೇವರ ಮನೆಯಿಂದ ಬಂದ ಚೂಡಾಮಣಿಯಮ್ಮ. "ಮನೆ ಯಜಮಾನರನ್ನ ಮೂಲೆಗೆ ಹಾಕ್ತೀರಾ?" ಆಮೇಲೆ ಸೊಸೆಯ ಕಡೆ ತಿರುಗಿದರು. "ನಾಳೆ ತಿಥಿ ಇಟ್ಕೊಂಡು ಒಡೆಯತ್ತೆ, ಹೋಗತ್ತೆ ಅಂತೀಯಲ್ಲ. ಅಸ್ತು ದೇವತೆಗಳು ಓಡಾಡ್ತಿರ್ತಾರೆ. ಬಿಡ್ತು ಅನ್ನು."

"ನಾನು ಶಕುನ ಹೇಳ್ತಿಲ್ಲ ಅತ್ತೆ, ಅಲ್ಲಿ ಪೈಪು..."

"ಮೊದಲು ಬಿಡ್ತು ಅನ್ನೇ!"

ಮೂವರೂ ಅವಳ ಬಾಯನ್ನೇ ನೋಡುತ್ತ ನಿಂತರು.

"ಬಿಡ್ತು," ಎಂದಳು ವಾರಿಜಾ.

ಆ ಮನೆಯಲ್ಲಿ ಒಮ್ಮೆ ಬಿಡ್ತು ಎಂದರೆ ಅದಕ್ಕೆ ಮುಂಚೆ ಆಡಿದ್ದು ಆಡದ ಹಾಗೆ. ಅವಳು ಒಳಗೆ ಹೋಗಿ, ನಲ್ಲಿ ತಿರುಗಿಸಿ, ಕೊಳದಪ್ಪಲೆ ಹಿಡಿದಳು. ಅದು ತುಂಬಿತು. ಬಿಂದಿಗೆ ಇಟ್ಟಳು. ಗೋಡೆಯ ಆಚೆ ಸುತ್ತಿಗೆಯ ಏಟು ಬಿದ್ದಾಗಲೆಲ್ಲ ನೀರಿನ ಧಾರೆ ಸಣ್ಣಗೆ ನಡುಗುತ್ತಿತ್ತು. ಎರಡನೇ ಬಿಂದಿಗೆ ಕುತ್ತಿಗೆಯವರೆಗೆ ಬಂದಿತ್ತು. ಆಗ ಧಾರೆ ಬೆರಳಷ್ಟಾಯಿತು, ದಾರದಷ್ಟಾಯಿತು, ನಿಂತೇಹೋಯಿತು. ಹಜಾರದಿಂದ ರಾಮಯ್ಯನ ಕೂಗು ಕೇಳಿತು. "ಅಯ್ಯಯ್ಯೋ, ಬಟ್ಟೆ ಕೊಡಿ, ಬಟ್ಟೆ!"

ಇಡೀ ತೊಟ್ಟಿ ಹಜಾರಕ್ಕೆ ಖಾಲಿಯಾಯಿತು. ಅನಂತರಾಮು ಪಂಚೆ ಎತ್ತಿಕಟ್ಟಿ ಫೋಟೋವನ್ನು ಎದೆಗವಚಿಕೊಂಡು ಕುರ್ಚಿ ಹತ್ತಿ ನಿಂತ. ವಾರಿಜಾ ಹಳೆ ಸೀರೆ ತಂದು ಮಂಡಿಯೂರಿ ಒರೆಸಿದಳು, ಹಿಂಡಿದಳು, ಮತ್ತೆ ಒರೆಸಿದಳು.

"ಗೊತ್ತಿದ್ರೆ ಗಟ್ಟಿಯಾಗಿ ಹೇಳ್ಬಾರದಿತ್ತೇನೇ?" ಎಂದ ಅವನು, ಕುರ್ಚಿಯ ಮೇಲಿನಿಂದಲೇ.

ಅತ್ತೆ ಅಡುಗೆಮನೆಗೆ ಇಣುಕಿ, ತುಂಬಿದ ಪಾತ್ರೆಗಳನ್ನು ನೋಡಿ ಗಲ್ಲಕ್ಕೆ ಕೈಯಿಟ್ಟರು. "ಒಡೆಯೋಕೆ ಮುಂಚೇನೇ ನೀರು ಹಿಡಿದಿಟ್ಟಿದಾಳಲ್ಲೋ! ಇವಳೇ ಹಾಗೆ ಅಂದ್ಕೊಂಡ್ರೆ ಒಡೀದೆ ಇರತ್ತಾ?"

ಮಾರನೆಯ ದಿನ ಆ ನೀರಲ್ಲೇ ತಿಥಿಯ ಅಡುಗೆಯಾಯಿತು.

ಮಂಗಳವಾರ ನಲ್ಲಿಯವನು ಬಂದು ತಾರಸಿಯಲ್ಲೇ ಅಡುಗೆಮನೆಯ ಪೈಪಿನ ಬಾಯಿ ಕಟ್ಟಿದ. ಸರಿಮಾಡಬೇಕಾದರೆ ಸೂರಿನಿಂದ ಸೊಂಟದವರೆಗೆ ಗೋಡೆ ಸೀಳಬೇಕು ಎಂದ. ಗೋಡೆ ಒಣಗಿದ ಮೇಲೆ ರಾಮಯ್ಯ ಅದೇ ತೂತಿಗೆ ಬೆಣೆ ಬಡಿದ. ಫೋಟೋ ಏರಿತು, ಹಾರ ಬಿತ್ತು. ಇನ್ನು ಪೈಪು ಸರಿಮಾಡಬೇಕಾದರೆ ಅದನ್ನು ಇಳಿಸಬೇಕಿತ್ತು.

"ಪೂಜೆ ಮಾಡಿ ಹಾಕಿದ್ದನ್ನ ಇಳಿಸ್ತಾರೇನೋ?" ಎಂದರು ಚೂಡಾಮಣಿಯಮ್ಮ. "ಹಿತ್ತಲಲ್ಲಿ ಬಾವಿ ಇದೆ. ಮಡಿ ಅಡುಗೆಗೆ ಬಾವಿ ನೀರೇ ಶ್ರೇಷ್ಠ." ಬಚ್ಚಲಿನ ನಲ್ಲಿಯಲ್ಲಿ ನೀರು ಬರುತ್ತಿತ್ತು, ಆದರೆ ಅದು ಒಲೆಗೆ ಆಗದು.

"ದಸರಾ ರಜದಲ್ಲಿ ನೋಡೋಣ ಬಿಡೇ," ಎಂದ ಅನಂತರಾಮು.

ಆ ದಸರಾದಲ್ಲಿ ಅವನ ತಂಗಿಯ ಬಾಣಂತನವಿತ್ತು. ಮುಂದಿನ ದಸರಾದಲ್ಲಿ ತಿರುಪತಿಗೆ ಹೋಗಿಬಂದರು. ಮೂರನೆಯದರಲ್ಲಿ ವಾರಿಜಾ ತಾನಾಗಿ ಕೇಳಿದಳು. ಅನಂತರಾಮು, "ಈಗ ತಾನೇ ಸುಣ್ಣ ಹೊಡೆಸಿದೀನಲ್ಲೇ, ಮತ್ತೆ ಕೆಡವೋದಾ?" ಎಂದ. ಕೆಟ್ಟ ದನಿಯಲ್ಲೇನೂ ಅಲ್ಲ. ಅವಳು ದಿನಕ್ಕೆ ಹದಿನಾಲ್ಕು ಬಿಂದಿಗೆ ಸೇದುತ್ತಿದ್ದಳು, ಹಬ್ಬವಾದರೆ ಇಪ್ಪತ್ತು. ಬಲ ಭುಜ ಎಡಕ್ಕಿಂತ ತುಸು ಇಳಿದಿತ್ತು. ರವಿಕೆ ಹೊಲಿಯುವವನು ಅದನ್ನು ಗಮನಿಸಿದ್ದ. ಮನೆಯವರು ಗಮನಿಸಿರಲಿಲ್ಲ.

ಅರವತ್ತೇಳರ ಗೌರಿಹಬ್ಬಕ್ಕೆ ಬಾಗಿನ ತಂದ ಪಕ್ಕದ ಮನೆಯ ಬಸವಲಿಂಗಮ್ಮ, ಕೈಗಂಟಿದ ಅರಿಶಿನ ತೊಳೆಯಲು ಅಡುಗೆಮನೆಗೆ ಬಂದರು. ನಲ್ಲಿ ತಿರುಗಿಸಿದರು, ಇನ್ನೊಂದು ಸುತ್ತು ತಿರುಗಿಸಿದರು.

"ಇದರಲ್ಲಿ ನೀರು ಬರಲ್ವೇನ್ರೀ? ಹಿತ್ತಾಳೆ ಹೇಗೆ ಫಳಫಳ ಅಂತಿದೆ!"

"ವಾರಕ್ಕೊಂದ್ಸಲ ಹುಣಸೆಹಣ್ಣು ಹಾಕಿ ತಿಕ್ತೀನಿ," ಎಂದಳು ವಾರಿಜಾ. "ಬನ್ನಿ, ಇಲ್ಲಿ ಕೈ ಹಿಡೀರಿ."

ಚೊಂಬಿನಿಂದ ಅವರ ಕೈಗೆ ನೀರು ಹುಯ್ದಳು. ಬಿಂದಿಗೆಯ ತಳ ಕಾಣುತ್ತಿತ್ತು. ಅವರು ಕೈ ಒರೆಸಿಕೊಳ್ಳುವ ಮುಂಚೆಯೇ ಅದನ್ನೆತ್ತಿಕೊಂಡು ಹಿತ್ತಲಿಗೆ ಹೋದಳು.