ಗಂಗಮ್ಮ ನನ್ನೊಬ್ಬಳಿಗೇ ಹೇಳಿದ ಮಾತು

ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡು ಗಂಗಮ್ಮ ನನಗೆ ಹೇಳಿದ ಮಾತನ್ನು ನಾನು ಆಕೆಯ ತಮ್ಮನಿಗೆ ಹೇಳಿಬಿಟ್ಟೆ. ಆಮೇಲೆ ಆಕೆಯೇ ನೇರವಾಗಿ ಕೇಳಿದಾಗ, ಇಲ್ಲ ಎಂದೆ. ಎರಡರಲ್ಲಿ ಯಾವುದು ದೊಡ್ಡ ತಪ್ಪು — ಇಷ್ಟು ವರ್ಷವಾದರೂ ನನಗೆ ತೀರ್ಮಾನಿಸಲಾಗಿಲ್ಲ.

ನಾನು ಹೊನ್ನಾಳಿಯಲ್ಲಿ ವಕೀಲೆ. ಮಧ್ಯಸ್ಥಿಕೆಯ ತರಬೇತಿ ಮುಗಿಸಿ ಬಂದ ಹೊಸತು. ಕಟಕಟೆ ಹತ್ತದೆ, ಎರಡೂ ಕಡೆಯವರು ಎದುರುಬದುರು ಕೂತು ಜಗಳ ಮುಗಿಸಿಕೊಳ್ಳುವುದರಲ್ಲಿ ನನಗೆ ನಿಜವಾದ ನಂಬಿಕೆಯಿತ್ತು. ಈ ಮೇಡಂ ಕೈಗೆ ಬಂದ ಜಗಳ ಮುಗಿದೇ ಮುಗಿಯುತ್ತದೆ ಎನ್ನಿಸಿಕೊಳ್ಳುವ ಆಸೆಯೂ — ಇತ್ತು, ಇಲ್ಲವೆಂದರೆ ಮತ್ತೊಂದು ಸುಳ್ಳಾದೀತು.

ಸವಳಂಗದ ಕಡೆಯ ಗಂಗಮ್ಮ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದರು. ತಾಯಿಯಿಲ್ಲದ ತಮ್ಮ ಬಸವರಾಜನನ್ನು ಸಾಕಿ, ಓದಿಸಿ, ಮುಂದೆ ನಿಂತು ಮದುವೆ ಮಾಡಿದ್ದರು. ಅಪ್ಪ ತೀರಿಕೊಂಡ ಮೇಲೆ ಪಾಲಿನ ಮಾತು ಬಂತು. ತಾನು ಗೇಯ್ದ, ಬೋರ್‌ವೆಲ್ ಇರುವ ಹೊಲ ಬೇಕೆಂದು ಅಕ್ಕ; ಮೇಲಿನ ಕಲ್ಲುಹೊಲ ತಗೊಳ್ಳಲಿ ಎಂದು ತಮ್ಮ. ಅಕ್ಕ ಹೂಡಿದ ದಾವೆ ವಿಚಾರಣೆಗೆ ಮೊದಲು ನನ್ನ ಮುಂದೆ ಬಂತು.

ಇಬ್ಬರನ್ನೂ ಬೇರೆ ಬೇರೆಯಾಗಿ ಮಾತಾಡಿಸುವುದು ಪದ್ಧತಿ. ಹಾಗೆ ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ದಾಟಿಸಬಾರದು. ಇದನ್ನು ನಾನೇ ಗಂಗಮ್ಮನಿಗೆ ವಿವರಿಸಿದ್ದೆ. ಆಕೆ ಸೆರಗಿನ ತುದಿ ಹಿಡಿದುಕೊಂಡು ಹೇಳಿದರು: “ಬಾಯಾಗೆ ಏನೇ ಅಂದ್ರೂ, ಕೋರ್ಟಿನಾಗೆ ನಿಂತು ಅವನ ಮ್ಯಾಲೆ ಹೇಳಾಕೆ ನನ್ನ ಕೈಲಿ ಆಗಲ್ರೀ. ನಾನು ಎತ್ತಿ ಆಡಿಸಿದ ಕೂಸು. ಇದನ್ನ ಮಾತ್ರ ಅವನಿಗೆ ಹೇಳಬ್ಯಾಡ್ರಿ, ಮೇಡಂ.”

ಬಸವರಾಜ ಆ ಹೊತ್ತಿಗಾಗಲೇ ಸ್ವಲ್ಪ ಸಡಿಲವಾಗಿದ್ದ. ಕೋರ್ಟಿನ ಅಲೆದಾಟಕ್ಕೆ ಹೆದರಿ, ಬೋರಿನ ಹೊಲದಲ್ಲಿ ಅರ್ಧ ಬಿಡುವ ಮಾತಾಡಿದ್ದ. ಇನ್ನೊಂದು ದಿನ ಕೂರಿಸಿದ್ದರೆ ಸಾಕಿತ್ತೇನೋ. ನನಗೆ ಅವತ್ತೇ ಮುಗಿಯಬೇಕಿತ್ತು. ನಿಮ್ಮಕ್ಕ ಎಂದೂ ನಿಮ್ಮ ವಿರುದ್ಧ ಸಾಕ್ಷಿ ಹೇಳುವುದಿಲ್ಲ, ಅಷ್ಟು ಜೀವ ನಿಮ್ಮ ಮೇಲೆ ಎಂದುಬಿಟ್ಟೆ. ಅವನು ತಲೆ ತಗ್ಗಿಸಿದ. ಕರಗಿದ ಎಂದುಕೊಂಡೆ.

ಮೂವರೂ ಒಟ್ಟಿಗೆ ಕೂತಾಗ ಅವನು ಅಕ್ಕನ ಮುಖವನ್ನೇ ನೋಡುತ್ತಾ ಹೇಳಿದ: “ಕಲ್ಲುಹೊಲ ಬೇಕಾದ್ರೆ ತಗೊಳ್ಲಿ. ಇಲ್ಲಾಂದ್ರೆ ಕೋರ್ಟೇ ಆಗ್ಲಿ ಬಿಡ್ರಿ.”

ಅಲ್ಲಿಗೇ ನಾನು ಮಾತುಕತೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಗಂಗಮ್ಮ ಕಲ್ಲುಹೊಲಕ್ಕೇ ಸಹಿ ಹಾಕಿದರು. ಹೊರಗೆ ಜಗಲಿಯಲ್ಲಿ ನನ್ನ ಹತ್ತಿರ ಬಂದು, “ನೀವು ಹೇಳಿದ್ರೇನ್ರೀ?” ಎಂದರು.

“ಇಲ್ಲಮ್ಮ.”

ಆಕೆ ನಂಬಿದರು. ನಂಬಿದ್ದರಿಂದಲೇ — ತಮ್ಮ ತಾನಾಗಿಯೇ ಅಕ್ಕನ ಕರುಳು ಅರಿತು, ಸರಿಯಾಗಿ ಅಲ್ಲಿಗೇ ಹೊಡೆದ ಎಂದುಕೊಂಡರು. ಅವನ ಮಗಳ ಮದುವೆಗೂ ಹೋಗಲಿಲ್ಲ. ಲಗ್ನಪತ್ರಿಕೆ ಹಿಡಿದು ಬಂದವನಿಗೆ ಬಾಗಿಲು ತೆಗೆಯಲಿಲ್ಲವಂತೆ. ಅದು ನನ್ನ ಕಿವಿಗೂ ಬಿತ್ತು. ಆಗಲೂ ಸುಮ್ಮನಿದ್ದೆ. ಚನ್ನಗಿರಿಯಲ್ಲಿ, ಜಗಳೂರಿನಲ್ಲಿ ಹೆಂಗಸರ ಸಭೆಗಳಿಗೆ ಹೋಗಿ, ನೀವು ಹೇಳಿದ ಗುಟ್ಟು ನಮ್ಮಲ್ಲೇ ಉಳಿಯುತ್ತದೆ, ಧೈರ್ಯವಾಗಿ ಬನ್ನಿ ಎಂದು ಭಾಷಣ ಮಾಡುತ್ತಿದ್ದೆ.

ಕಳೆದ ತಿಂಗಳು ಗಂಗಮ್ಮನ ಮನೆಗೆ ಹೋದೆ. ಕೂಲಿಯಿಂದ ಬಂದು ಕಾಲು ತೊಳೆಯುತ್ತಿದ್ದರು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಮಧ್ಯಸ್ಥಿಕೆಯ ಕೆಲಸ ಬಿಟ್ಟಿದ್ದೇನೆ, ಆ ಒಪ್ಪಂದ ರದ್ದು ಮಾಡಿಸಲು ಹೋದರೆ ನಾನೇ ಸಾಕ್ಷಿ ನಿಲ್ಲುತ್ತೇನೆ ಎಂದೂ ಹೇಳಿದೆ. ಆಕೆ ಬೇಡವೆಂದು ಕೈಯಾಡಿಸಿದರು. ಚೊಂಬು ಕೆಳಗಿಟ್ಟು ಹೇಳಿದರು.

“ಹೊಲ ಹೋತು, ಹೋಗ್ಲಿ. ಯಾರು ಹೇಳಿದ್ರೂ ಮಾಡಿದವನು ಅವನೇ, ಅದೂ ಖರೆ. ಆದ್ರೆ ಅವತ್ತೇ ಹೌದು ಅಂದಿದ್ರೆ, ಇಷ್ಟು ವರ್ಷ ಅವನೊಬ್ಬನ್ನೇ ಬೈಕೊಂತ ಇರ್ತಿರಲಿಲ್ಲ.”

ಕ್ಷಮಿಸಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಕೇಳಿದ್ದರೆ, ಅದಕ್ಕೂ ಆಕೆಯೇ ಏನಾದರೂ ಕೊಡಬೇಕಾಗುತ್ತಿತ್ತು. ಆಕೆ ಒಳಗೆ ಹೋದರು. ನಾನು ಬಸವರಾಜನ ಮನೆಯ ಕಡೆ ನಡೆದೆ. ಅಕ್ಕ ಇಷ್ಟು ವರ್ಷ ಬಾಗಿಲು ತೆಗೆಯದಿದ್ದುದಕ್ಕೆ ನನ್ನ ಸುಳ್ಳೂ ಕಾರಣ ಎಂದು ಅವನಿಗೂ ಹೇಳಬೇಕಾಗಿತ್ತು.