ಅಕ್ಕನ ಟೋಪಿಗೆ ಮೆತ್ತನೆಯ ಉಣ್ಣೆ

ಆ ಚಳಿಗಾಲದಲ್ಲಿ ಅಕ್ಕ ದಾವಣಗೆರೆಯ ಸರಸ್ವತಿ ನಗರದ ನಮ್ಮ ಮನೆಯಲ್ಲಿದ್ದಳು. ಪ್ರತಿ ಸಲ ಹರಿಹರದಿಂದ ಕೀಮೋಗೆ ಬಂದುಹೋಗುವುದು ಅವಳ ಕೈಲಾಗುತ್ತಿರಲಿಲ್ಲ. ಎದೆಯ ಆಪರೇಷನ್ ಮುಗಿದಿತ್ತು, ತಲೆಗೂದಲು ಪೂರ್ತಿ ಉದುರಿತ್ತು. ಫ್ಯಾನ್ ಹಾಕದಿದ್ದರೂ ತಲೆಗೆ ಚಳಿ ಎನ್ನುತ್ತಿದ್ದಳು. ಆಫೀಸು, ಆಸ್ಪತ್ರೆ, ಅಡುಗೆಮನೆ ಎಂದು ಓಡಾಡಿ ನಾನು ಎಲ್ಲಿ ಕೂತರೂ ಅಲ್ಲೇ ತೂಕಡಿಸುತ್ತಿದ್ದೆ. ಆದರೂ ಮನೆಯಲ್ಲಿದ್ದ ದಾರದಲ್ಲೇ ಅವಳಿಗೊಂದು ಟೋಪಿ ಹೆಣೆದೆ. ಹಾಕಿಕೊಂಡ ಸ್ವಲ್ಪ ಹೊತ್ತಿಗೇ ಕಿತ್ತು ಮಂಚದ ಮೇಲಿಟ್ಟಳು. ಹಣೆಯ ಸುತ್ತ ಕೆಂಪು ಗೆರೆ ಎದ್ದಿತ್ತು.

“ಬೇಜಾರಾಗಬ್ಯಾಡ. ಮುಳ್ಳು ಆಡಿಸಿದಂಗ ಆಗ್ತೈತೆ,” ಎಂದಳು.

ಮೆರಿನೋ ಕುರಿಯ ಉಣ್ಣೆ ಬಹಳ ಮೆತ್ತಗೆ ಎಂದು ಕೇಳಿದ್ದೆ. ಮರುದಿನ ಆಫೀಸಿನಿಂದ ನೇರ ಮಂಡಿಪೇಟೆಗೆ ಹೋದೆ. ನಾನು ಯಾವಾಗಲೂ ದಾರ ಕೊಳ್ಳುವ ಅಂಗಡಿಯ ಯಜಮಾನರು ಮೇಲಿನ ಖಾನೆಯಿಂದ ಒಂದು ಉಂಡೆ ಇಳಿಸಿದರು.

“ಮೆರಿನೋ ಅಂತಾನೇ ಬರ್ದೈತ್ರಿ. ಅಸಲಿ ಮಾಲು.”

ಚೀಟಿ ತಿರುಗಿಸಿದೆ. ಹಿಂದೆ ಸಣ್ಣ ಅಕ್ಷರದಲ್ಲಿ ಬೇರೆಯೇ ಇತ್ತು: ಬಹುಪಾಲು ಅಕ್ರಿಲಿಕ್ ಎಂಬ ಕೃತಕ ನೂಲು, ಉಣ್ಣೆ ಹೆಸರಿಗಷ್ಟೇ. ಅವರೂ ಕನ್ನಡಕ ಹಾಕಿಕೊಂಡು ಓದಿದರು.

“ನನಗೂ ಹಿಂಗೇ ಹೇಳಿ ಕೊಟ್ಟಾರ್ರೀ. ಇಲ್ಲಿ ಇದನ್ನ ಕೇಳೋರೇ ಇಲ್ಲ, ಎಲ್ಲಿಂದ ತರ್ಲಿ?” ಎಂದು ಉಂಡೆಯನ್ನು ಒಳಗಿಟ್ಟರು. ಬಸ್ಸಿನಲ್ಲಿ ಕಂಬಿಗೆ ಒರಗಿ ನಿಂತೇ ಮನೆಗೆ ಬಂದೆ.

ಇನ್ನು ಫೋನಿನಲ್ಲೇ ಹುಡುಕಬೇಕಾಯಿತು. ಅಕ್ಕ ಪಕ್ಕದಲ್ಲಿ ಮಲಗಿದ್ದಳು, ನಾನು ಓದಿ ಹೇಳುತ್ತಿದ್ದೆ. ಎಳೆ ಸಪೂರವಾದಷ್ಟೂ ಚುಚ್ಚುವುದಿಲ್ಲವಂತೆ. ಹಾಗೇ ಓದುತ್ತ, ಕೆಲವು ಕಡೆ ಈ ಕುರಿಮರಿಗಳ ಹಿಂಭಾಗದ ಚರ್ಮವನ್ನೇ ಕೊಯ್ದು ತೆಗೆಯುತ್ತಾರೆ, ನೊಣ ಕೂತು ಹುಳ ಬೀಳದಿರಲೆಂದು, ಎನ್ನುವುದನ್ನೂ ಓದಿಬಿಟ್ಟೆ.

ಅಕ್ಕ ಕಣ್ಣು ತೆರೆದಳು. “ಶಾಮನೂರಾಗ ನಮ್ಮ ಹೊಲದಾಗ ಕುರಿ ಕೂದ್ಲು ಕತ್ತರಿಸ್ತಿದ್ರಲ್ಲ, ಬರೀ ಉಣ್ಣೆ ತೆಗೀತಿದ್ರು. ಚರ್ಮ ಯಾಕ ಕೊಯ್ಬೇಕು? ನೋವಿಗೆ ಮದ್ದಾದ್ರೂ ಕೊಡ್ತಾರಾ?”

“ಎಲ್ಲರೂ ಕೊಡಲ್ವಂತೆ.”

“ಹಂಗಾದ್ರೆ ಬ್ಯಾಡ.”

“ಎಲ್ಲದಕ್ಕೂ ಬ್ಯಾಡ ಅಂದ್ರೆ ಹೆಂಗೆ ಅಕ್ಕಾ? ತಲೆಗೆ ಚಳಿ ಅಂತೀಯ.”

“ನನಗೆ ಮದ್ದು ಕೊಟ್ಟೇ ಕೊಯ್ದರು. ಆದ್ರೂ ಹೆಂಗಿತ್ತು ಅಂತ ನಂಗೊತ್ತು,” ಎಂದು ಗೋಡೆ ಕಡೆ ತಿರುಗಿದಳು. ವಾದಿಸುವ ತ್ರಾಣ ನನಗಿರಲಿಲ್ಲ. ಅವಳ ಮಾತು ತಪ್ಪು ಎಂದೂ ಅನ್ನಿಸಲಿಲ್ಲ.

ಆಫೀಸಿನ ಊಟದ ಬಿಡುವಿನಲ್ಲಿ ದಾರ ಮಾರುವವರಿಗೆಲ್ಲ ಫೋನ್ ಮಾಡಿದೆ. ಕುರಿಯ ಚರ್ಮದ ವಿಷಯ ಎತ್ತಿದರೆ ಒಬ್ಬರು ನಕ್ಕರು, ಇನ್ನೊಬ್ಬರು ಬಣ್ಣ ಯಾವುದು ಬೇಕು ಹೇಳಿ ಎಂದರು. ಮೈಸೂರಿನ ಒಬ್ಬ ಹೆಂಗಸು ಮಾತ್ರ, “ನನಗೆ ಗೊತ್ತಿಲ್ಲ, ಕೇಳಿ ಹೇಳ್ತೀನಿ,” ಎಂದರು. ಕೆಲವು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಒಂದು ಬಗೆಯ ನೂಲು ಹಾಗೆ ಕೊಯ್ಯದ ಕಡೆಯಿಂದಲೇ ಬರುತ್ತದೆ, ಅದಕ್ಕೆ ಪ್ರಮಾಣಪತ್ರವಿದೆ ಎಂದರು. ಅಷ್ಟು ದೂರದ ಕುರಿಗಳನ್ನು ನಾನು ನೋಡಿಬರುವುದು ಸಾಧ್ಯವಿರಲಿಲ್ಲ. ಗೊತ್ತಿಲ್ಲ ಎಂದು ಮೊದಲು ಒಪ್ಪಿಕೊಂಡವರಲ್ಲವೇ ಎಂದು ನಂಬಿದೆ.

ಅವರು ಕಳಿಸಿದ ತುಂಡು ದಾರವನ್ನು ಅಕ್ಕ ಸುತ್ತಿ ಮಡಚಿ, ಕಿವಿಯ ಹಿಂದೆ ಸ್ಕಾರ್ಫಿನೊಳಗೆ ಸಿಕ್ಕಿಸಿಕೊಂಡು ಮಧ್ಯಾಹ್ನವೆಲ್ಲ ಮಲಗಿದಳು. ಎದ್ದಾಗ ಅದು ಅಲ್ಲಿರುವುದೇ ಅವಳಿಗೆ ಮರೆತುಹೋಗಿತ್ತು. ಬೂದು ಬಣ್ಣದ ಎರಡು ಉಂಡೆ ತರಿಸಿದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ತೂಕಡಿಸಿ, ಕುಣಿಕೆ ತಪ್ಪಿದ ಸಾಲು ಬಿಚ್ಚಿ, ಮತ್ತೆ ಹೆಣೆದೆ. ಅಕ್ಕ ಆ ಟೋಪಿಯನ್ನು ಸ್ನಾನಕ್ಕೆ ಬಿಟ್ಟರೆ ತೆಗೆಯುತ್ತಿರಲಿಲ್ಲ.

ಚಿಕಿತ್ಸೆ ಮುಗಿದು ಅವಳು ಹರಿಹರಕ್ಕೆ ಮರಳಿದ ಮೇಲೆ ಒಂದು ಭಾನುವಾರ ನೋಡಲು ಹೋದೆ. ಭಾವ ಬಾಗಿಲಲ್ಲೇ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು. ಕ್ರಿಮಿ ಗಿಮಿ ಇರಬಾರದೆಂದು ಟೋಪಿಯನ್ನು ಕುದಿನೀರಲ್ಲಿ ಹಾಕಿ ಚೆನ್ನಾಗಿ ಉಜ್ಜಿದ್ದರಂತೆ. ಅದು ಕುಗ್ಗಿ, ಗಟ್ಟಿಯಾಗಿ, ತೆಂಗಿನಕಾಯಿಗೂ ಹಿಡಿಯದಷ್ಟು ಸಣ್ಣದಾಗಿತ್ತು.

“ಸ್ವಚ್ಛ ಇರ್ಲಿ ಅಂತ ಮಾಡಿದೆನಮ್ಮ,” ಎಂದರು.

ಅಕ್ಕ ಅದನ್ನು ಮುಷ್ಟಿಯ ಮೇಲೆ ಕೂರಿಸಿಕೊಂಡು ನಗತೊಡಗಿದಳು. ಹೊಲಿಗೆ ಹಾಕಿದ ಜಾಗ ಹಿಡಿದುಕೊಂಡು, “ನಗಿಸಬ್ಯಾಡ್ರಿ, ನೋಯ್ತೈತೆ,” ಎಂದು ಮತ್ತೂ ನಕ್ಕಳು. ಆಪರೇಷನ್ ಆದಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ನನಗೆ ಮಾತ್ರ ಅಳು ಬಂತು. ಅವಳ ಮಂಚದ ಮೇಲೇ ಕಾಲು ಚಾಚಿದವಳು ಸಂಜೆಯವರೆಗೆ ನಿದ್ದೆ ಹೋದೆ.

ಎದ್ದಾಗ ಅಕ್ಕ ಚಹಾ ತಂದುಕೊಟ್ಟಳು. ಉಳಿದ ಉಂಡೆ ನನ್ನ ಚೀಲದಲ್ಲಿತ್ತು. ದಾವಣಗೆರೆ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ, ಹೆಣಿಗೆ ಕಡ್ಡಿ ತೆಗೆದು ಹೊಸ ಟೋಪಿಯ ಮೊದಲ ಸಾಲು ಎತ್ತಿಕೊಂಡೆ.