ಮೇಡಂ ಮೊದಲ ಸಲ ಕಡಲು ಕಂಡ ದಿನ

ನಮ್ಮ ಪ್ರಾಣಿಶಾಸ್ತ್ರದ ಮೇಡಂ ಅವರ ಬಲಗೈ ಬೆರಳ ತುದಿಗಳು ಸದಾ ಬಿಳಿಚಿಕೊಂಡು ಸಿಪ್ಪೆ ಏಳುತ್ತಿದ್ದವು. ಸತ್ತ ಜೀವಿಗಳನ್ನು ಕೆಡದಂತಿಟ್ಟ ಫಾರ್ಮಲಿನ್ ಜಾಡಿಯಿಂದ ಅವನ್ನು ಎತ್ತಿ ತೋರಿಸುವಾಗ ಗ್ಲೌಸ್ ಹಾಕಿಕೊಳ್ಳುವಷ್ಟು ತಾಳ್ಮೆ ಅವರಿಗಿರಲಿಲ್ಲ. ವಿಜಯನಗರದ ನಮ್ಮ ಕಾಲೇಜಿನಲ್ಲಿ ಮೂವತ್ತು ವರ್ಷ ಅವರು ಆ ಜಾಡಿಗಳಿಂದಲೇ ಪಾಠ ಮಾಡಿದ್ದರು.

ನನಗೆ ಚಿಕ್ಕಂದಿನಿಂದ ಉಗ್ಗು. ‘ಕ’ ಅಕ್ಷರ ಬಂದರೆ ಗಂಟಲು ಕಟ್ಟುತ್ತಿತ್ತು. ಹೇರೋಹಳ್ಳಿಯಿಂದ ಬರುವಾಗ ಕಂಡಕ್ಟರಿಗೆ ‘ಕಾಲೇಜು’ ಎನ್ನಲಾಗದೆ ಮಾರೇನಹಳ್ಳಿಗೆ ಟಿಕೆಟ್ ತೆಗೆದು, ಉಳಿದ ದೂರ ನಡೆದದ್ದುಂಟು. ತರಗತಿಯಲ್ಲಿ ನಾನು ತಡವರಿಸಿದರೆ ಉಳಿದ ಮೇಷ್ಟ್ರುಗಳು ಕನಿಕರದಿಂದ “ಸರಿ, ಕೂತ್ಕೋ” ಎನ್ನುತ್ತಿದ್ದರು. ಮೇಡಂ ಮಾತ್ರ ಚಾಕ್‌ಪೀಸ್ ಕೆಳಗಿಟ್ಟು ಕಾಯುತ್ತಿದ್ದರು.

ಕೊನೆಯ ಪರೀಕ್ಷೆ ಮುಗಿಸಿ ನಾವು ಹದಿನೆಂಟು ಜನ ಗೋಕರ್ಣಕ್ಕೆ ಹೊರಟೆವು. ಅದೇ ತಿಂಗಳು ನಿವೃತ್ತರಾಗಲಿದ್ದ ಮೇಡಂ ಅವರನ್ನೂ ಕರೆದೆವು. ಅವರು ಕಡಲನ್ನು ನೋಡಿಯೇ ಇಲ್ಲವೆಂಬುದು ಬಸ್ಸಿನಲ್ಲಿ ತಿಳಿಯಿತು. “ಮೊದ್ಲು ಅತ್ತೆ ಹಾಸಿಗೆ ಹಿಡಿದ್ರು, ಆಮೇಲೆ ನಮ್ಮ ಯಜಮಾನ್ರು. ಎಲ್ಲಿಗ್ರೋ ಹೋಗ್ಲಿ?” ಎಂದು ನಕ್ಕರು.

ಮರುದಿನ ಬೆಳಿಗ್ಗೆ ಕಡಲಿನ ನೀರು ಇಳಿದಿತ್ತು. ಬಂಡೆಗಳ ನಡುವೆ ನಿಂತ ನೀರಿನಲ್ಲಿ ಒಂದು ನಕ್ಷತ್ರಮೀನು ಕಂಡಿತು. ಮೇಡಂ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ, ಮೆಲ್ಲನೆ ಅಂಗೈಯನ್ನು ಅದರ ಅಡಿಗೆ ಚಾಚಿದರು.

“ಅಯ್ಯೋ, ಕೈ ಹಿಡ್ಕೊಳ್ತಾ ಇದೆ ಕಣ್ರೋ!”

ಜೀವವಿರುವ ನಕ್ಷತ್ರಮೀನನ್ನು ಅವರು ಮುಟ್ಟಿದ್ದು ಅದೇ ಮೊದಲು. ಅವರ ಕಣ್ಣು ತುಂಬಿ ಬಂತು. ಪ್ರವಾಸಕ್ಕೆ ಬಂದಿದ್ದ ಅಜ್ಜಿಯೊಬ್ಬರು ಬಗ್ಗಿ ನೋಡಿ, “ಏನಮ್ಮ ಅದು, ಮೀನಾ?” ಎಂದು ಕೇಳಿದರು. ಮೇಡಂ ನನ್ನ ಕಡೆ ತೋರಿಸಿದರು. “ಅವನನ್ನ ಕೇಳಿ. ಅವನಿಗೆ ಚೆನ್ನಾಗಿ ಗೊತ್ತು.”

ಎಲ್ಲರೂ ನನ್ನತ್ತ ತಿರುಗಿದರು. “ಮೀನಲ್ಲ ಅಜ್ಜಿ. ಇದಕ್ಕೆ ನೂರಾರು ಕ... ಕ...”

“ಕಾಲು ಅಜ್ಜಿ, ಕಾಲು!” ಎಂದ ಪಕ್ಕದಲ್ಲಿದ್ದ ಗೆಳೆಯ.

ಮೇಡಂ ತಲೆ ಎತ್ತಿದರು. “ಸುಮ್ನಿರೋ. ಅವನ ಮಾತು ಅವನೇ ಮುಗಿಸ್ಲಿ. ನಮಗೇನು ಅರ್ಜೆಂಟು?”

ಅಜ್ಜಿಯೂ ಕಾದರು. ಕೊನೆಗೂ “ಕಾಲು” ಎಂದೆ. ಆಮೇಲೆ ಅದು ಹೇಗೆ ನಡೆಯುತ್ತದೆ, ಮುರಿದ ತೋಳು ಹೇಗೆ ಮತ್ತೆ ಬೆಳೆಯುತ್ತದೆ, ಎಲ್ಲ ಹೇಳಿದೆ. ನಾಲ್ಕೈದು ಕಡೆ ಸಿಕ್ಕಿಹಾಕಿಕೊಂಡೆ. ಯಾರೂ ನಡುವೆ ಬಾಯಿ ಹಾಕಲಿಲ್ಲ. ಮೂರು ವರ್ಷ ಜೊತೆಯಲ್ಲಿ ಓದಿದವರು ನನ್ನ ಮಾತನ್ನು ಪೂರ್ತಿ ಕೇಳಿದ್ದು, ನಾವು ಒಟ್ಟಿಗಿದ್ದ ಆ ಕಡೆಯ ದಿನ.

ಬಂಡೆ ಇಳಿದು ಬರುವಾಗ ಮೇಡಂ ನನ್ನ ತೋಳು ಹಿಡಿದುಕೊಂಡಿದ್ದರು. “ಬಿ.ಎಡ್. ಮಾಡೋ” ಎಂದರು.

“ನಾನಾ ಮೇಡಂ? ಪಾಠ ಮಾಡೋದಾ?”

“ಆ ಅಜ್ಜಿ ಮುಖ ನೋಡ್ಲಿಲ್ವಾ ನೀನು? ಮಗಳು ಕರೀತಾನೇ ಇದ್ಳು, ಅವರು ಅಲ್ಲಾಡ್ಲಿಲ್ಲ.”

ನಮ್ಮ ಹೇರೋಹಳ್ಳಿಗೆ ಹತ್ತಿರದ ಉಲ್ಲಾಳದ ಬಳಿಯ ಶಾಲೆಯೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರಾಗಿ ಆರು ವರ್ಷವಾಯಿತು. ಉಗ್ಗು ಹೋಗಿಲ್ಲ. ನನ್ನ ತರಗತಿಯ ಮಕ್ಕಳಿಗೆ ಅದು ಅಭ್ಯಾಸವಾಗಿದೆ.

ಹೋದ ವರ್ಷ ಮೇಡಂ ತೀರಿಕೊಂಡರು. ಬಸವೇಶ್ವರನಗರದ ಅವರ ಮನೆಯಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿದ್ದಾಗ, ಯಾರೂ ಹೇಳದಿದ್ದರೂ ನಾನೇ ಎದ್ದು ನಿಂತೆ. ಅವರ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಕೇಳಲು ಅವರಿರಬೇಕಿತ್ತು.